ಸೀರೆ ಮುಗಿಯಿತು, ನಾನು ಗುಣವಾದೆ

ಆ ಕಾಯಿಲೆ ವಾಸಿಯಾಯಿತೇ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಪ್ರಾಥಮಿಕ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ಪಾಟಿಯ ಮೇಲೆ ಸರಿ, ತಪ್ಪು ಎಂದು ಗುರುತು ಹಾಕಿದವಳು ನಾನು. ನನ್ನ ಮೈಯ ವಿಷಯದಲ್ಲಿ ಮಾತ್ರ ಯಾವ ಗುರುತು ಹಾಕಬೇಕೆಂದು ತಿಳಿಯಲೇ ಇಲ್ಲ.

ಎಪ್ಪತ್ತರ ದಶಕದ ನಡುವೆ ಇಳಕಲ್ಲಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದು ಜ್ವರ ಬಂತು. ವಾರದೊಳಗೆ ಎಲ್ಲರದೂ ಬಿಟ್ಟಿತು. ನನ್ನದೂ ಬಿಟ್ಟಿತು, ಆದರೆ ಹೋಗುವಾಗ ಮೈಯಲ್ಲಿದ್ದ ಕಸುವನ್ನೆಲ್ಲ ಬಾಚಿಕೊಂಡು ಹೋಯಿತು. ಬೆಳಿಗ್ಗೆ ಏಳುವಾಗಲೇ ಒಂದು ಚೀಲ ಜೋಳ ಬೀಸಿದಷ್ಟು ದಣಿವು. ಇವತ್ತು ಒಂದು ಕೊಡ ನೀರು ತಂದರೆ ನಾಳೆ ಹಾಸಿಗೆ. ಮಕ್ಕಳಿಗೆ ಹದಿಮೂರರ ಮಗ್ಗಿ ಹೇಳಿಸುತ್ತ ನಡುವೆ ಎಲ್ಲಿದ್ದೇನೆಂದೇ ಮರೆತು ನಿಲ್ಲುತ್ತಿದ್ದೆ, ಮಕ್ಕಳಿಗೆ ಮಜಾ. ಹುನಗುಂದದ ಡಾಕ್ಟರು ರಕ್ತ ನೋಡಿದರು, ಬಾಗಲಕೋಟೆಯವರು ಎದೆಯ ಫೋಟೋ ತೆಗೆಸಿದರು. ಎಲ್ಲ ಚೊಕ್ಕ. ಏನೂ ಇಲ್ಲವಂತೆ ಎಂದು ಮನೆಯವರೆಲ್ಲ ಸಂತೋಷಪಟ್ಟರು. ನನಗೆ ಮೈ ಉರಿದುಹೋಯಿತು. ಏನೂ ಇಲ್ಲದಿದ್ದರೆ ನಾನು ಗೋಡೆ ಹಿಡಿದು ನಡೆಯುತ್ತಿದ್ದದ್ದು ಯಾರ ಸಲುವಾಗಿ?

ನನ್ನ ಗಂಡ ನೇಕಾರರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಬಾಯಿ ಬಿಡುವವರಲ್ಲ. ಮನೆ ನಡೆಸುತ್ತಿದ್ದವರು ಅತ್ತೆ. “ಕಲತ ಹೆಣ್ಮಕ್ಕಳ ಮೈ ಭಾಳ ನಾಜೂಕ ನೋಡವಾ” ಎಂದು ಪಕ್ಕದ ಮನೆಯವರ ಮುಂದೆ ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅದೇ ಅತ್ತೆ ಸಂಜೆ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಯಾವ ಅತ್ತೆಯನ್ನು ನಂಬಬೇಕೋ ನನಗೆ ಗೊತ್ತಾಗುತ್ತಿರಲಿಲ್ಲ.

ಧಾರವಾಡದಿಂದ ಮನಸ್ಸಿನ ಡಾಕ್ಟರೊಬ್ಬರು ಹದಿನೈದು ದಿನಕ್ಕೊಮ್ಮೆ ಬುಧವಾರ ಬಾಗಲಕೋಟೆಗೆ ಬಂದು ಕೂಡುತ್ತಾರೆ ಎಂದು ನಮ್ಮ ಹೆಡ್‌ಮಾಸ್ತರರು ಹೇಳಿದರು. ಹುಚ್ಚರ ಡಾಕ್ಟರ ಹತ್ತಿರ ಹೋಗುವುದೇ ಎಂದು ಮನೆಯಲ್ಲಿ ಎರಡು ದಿನ ರಂಪವಾಯಿತು. ನಾನೂ ರಂಪ ಮಾಡಿದೆ, ಹೋದೆ.

ಅವರು ನಾಡಿ ನೋಡಲಿಲ್ಲ, ಸೂಜಿ ಚುಚ್ಚಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, “ಅಕ್ಕೋರ, ನಿಮ್ಮ ದಣಿವು ಖರೇನ ಐತಿ. ಯಾಕ ಐತಿ ಅಂಬೂದು ನನಗ ಗೊತ್ತಿಲ್ಲ” ಎಂದರು. ಅಷ್ಟು ಓದಿದವರು ಗೊತ್ತಿಲ್ಲ ಎಂದರೆ ಸಿಟ್ಟು ಬರಬೇಕಿತ್ತು. ನನಗೆ ಖುಷಿಯಾಯಿತು. ಯಾಕೆ ಖುಷಿಯಾಯಿತೆಂದು ಬಸ್ಸಿನಲ್ಲಿ ಯೋಚಿಸುತ್ತ ಇಳಕಲ್ಲಿಗೆ ಬಂದೆ.

ಚಿಕಿತ್ಸೆ ಎಂದರೆ ಮಾತು. ಯಾವುದಕ್ಕೆ ಹೆದರುತ್ತೀರಿ ಎಂದು ಕೇಳುತ್ತಿದ್ದರು. ನೌಕರಿ ಹೋದೀತೆಂದು, ಮೈಗಳ್ಳಿ ಎಂದಾರೆಂದು ಹೇಳುತ್ತಿದ್ದೆ. ಒಂದು ನೋಟುಬುಕ್ಕಿನಲ್ಲಿ ದಿನದ ಕೆಲಸ, ದಿನದ ವಿಶ್ರಾಂತಿ ಬರೆಯಿಸಿದರು. ಮೈ ಚೆನ್ನಾಗಿದ್ದ ದಿನ ಎಲ್ಲ ಕೆಲಸ ಮೈಮೇಲೆ ಹಾಕಿಕೊಳ್ಳಬಾರದು, ಕೆಟ್ಟ ದಿನವೂ ಬೀದಿಯ ಮೂಲೆಯವರೆಗಾದರೂ ನಡೆಯಬೇಕು. ಕಾಲಿನ ನೋವಿಗೆ ಬಾಯಿಯ ಮಾತು ಹೇಗೆ ಔಷಧವಾದೀತು ಎಂದು ನಾನು ಜಗಳವಾಡಿದ್ದುಂಟು. “ಅದೂ ನನಗ ಪೂರಾ ಗೊತ್ತಿಲ್ರಿ” ಎನ್ನುತ್ತಿದ್ದರು. ಆದರೂ ಆರು ತಿಂಗಳಲ್ಲಿ ಒಂದು ಕೊಡ ನೀರು ತಂದು ಮರುದಿನ ಶಾಲೆಗೂ ಹೋಗುವಂತಾದೆ. ಇನ್ನೂ ಆರು ತಿಂಗಳು ಬಿಡದೆ ಬರಬೇಕು, ಈಗ ಬಿಟ್ಟರೆ ಹಿಂದಕ್ಕೆ ಬೀಳುತ್ತೀರಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು.

ಆ ಒಂದು ಕೊಡ ನೀರನ್ನು ಅತ್ತೆ ನೋಡಿಬಿಟ್ಟರು. ಅದೇ ಮುಳುವಾಯಿತು.

ನಮ್ಮ ಮನೆದೇವತೆ ಬನಶಂಕರಿ. ಸೊಸೆ ಗುಣವಾದರೆ ನಮ್ಮ ಮಗ್ಗದಲ್ಲೇ ನೇಯ್ದ ಸೀರೆ ಉಡಿಸುತ್ತೇನೆ ಎಂದು ಅತ್ತೆ ಹರಕೆ ಹೊತ್ತಿದ್ದರು. ಇಂಥ ಸೀರೆಯನ್ನು ಹರಕೆ ಕೈಗೂಡಿದ ಮೇಲೆ ನೇಯುವುದು ನಮ್ಮವರ ರೂಢಿ. ಆ ತಿಂಗಳು ಮಗ್ಗ ಖಾಲಿಯಿತ್ತು. ಖಾಲಿ ಮಗ್ಗ ಕಣ್ಣಿಗೆ ಬಿದ್ದರೆ ಅತ್ತೆಗೆ ಊಟ ಸೇರುತ್ತಿರಲಿಲ್ಲ. “ಹೆಂಗೂ ಆರಾಮ ಆಗಾಕತ್ತಾಳ. ದೇವಿ ಸೀರಿ ಏರಿಸಿಬಿಡು” ಎಂದು ಮಗನಿಗೆ ಹೇಳಿದರು. ನನ್ನ ಗಂಡ ಮಗ್ಗಕ್ಕೆ ನೂಲು ಏರಿಸಿದರು.

ಅಲ್ಲಿಂದ ನನ್ನ ಕಾಯಿಲೆಗೊಂದು ಗಡುವು ಬಂತು. ದಿನಾ ಸಂಜೆ ಅತ್ತೆ ಮಗ್ಗದ ಮುಂದೆ ನಿಂತು ಸೀರೆ ಎಷ್ಟಾಯಿತೆಂದು ನೋಡುವರು, ಆಮೇಲೆ ತಿರುಗಿ ನನ್ನ ಮುಖ ನೋಡುವರು. ದೇವಿಯ ಹೆಸರಿನ ಸೀರೆ ಮಗ್ಗದಿಂದ ಇಳಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಉಡುವಂತಿಲ್ಲ, ಮಾರುವಂತಿಲ್ಲ. ಅಷ್ಟರೊಳಗೆ ನಾನು ಗುಣವಾಗಲೇಬೇಕು. ಗಂಡ ಸಾವಕಾಶ ನೇಯ್ದರು, ಪಾಪ. ಒಂದು ವಾರ ಎಳೆ ತುಂಡಾಯಿತೆಂದು ನೆವ ಹೇಳಿದರು. ಆದರೂ ಸೀರೆ ಎಂದ ಮೇಲೆ ಸೆರಗು ಬಂದೇ ಬರುತ್ತದಲ್ಲ. ಗುರುವಾರ ಇಳಿಯಿತು. ಶುಕ್ರವಾರ ಬಾದಾಮಿಯ ಬಸ್ಸು ಹಿಡಿದು ಎಲ್ಲರೂ ಬನಶಂಕರಿಗೆ ಹೋದೆವು.

“ನಮ್ಮ ಸೊಸಿ ಪೂರಾ ಆರಾಮಾದಳ್ರಿ” ಎಂದು ಅತ್ತೆ ಪೂಜಾರಿಗಳ ಮುಂದೆ ಹೇಳಿದರು. ನಾನು ತಲೆಯಾಡಿಸಿದೆ. ಗುಡಿಯ ಕಂಬಕ್ಕೆ ಒರಗಿ ನಿಂತಿದ್ದೆ. ಅತ್ತೆಯ ಮುಖದಲ್ಲಿ ಅಂಥ ಸಂತೋಷವನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ನಿಜ ಹೇಳಲು ಬಾಯಿ ಬರಲಿಲ್ಲ. ಅಲ್ಲಿಗೆ ನನ್ನ ಬುಧವಾರಗಳು ಮುಗಿದವು. ಹರಕೆ ತೀರಿಸಿದ ಮೇಲೆ ಡಾಕ್ಟರ ಬಳಿ ಹೋದರೆ ದೇವಿಯನ್ನು ಸುಳ್ಳಾಗಿಸಿದಂತೆ. ಮುಂದೆ ದಣಿವಾಯಿತು ಎನ್ನುವ ಮಾತನ್ನೇ ಆ ಮನೆಯಲ್ಲಿ ನಾನು ಆಡುವಂತಿರಲಿಲ್ಲ.

ಎಂಟು ವರ್ಷ ಆಡಲಿಲ್ಲ. ಮೊದಲಿನಷ್ಟು ಕೆಡಲೂ ಇಲ್ಲ, ಸುಳ್ಳೇಕೆ ಹೇಳಲಿ. ನೋಟುಬುಕ್ಕಿನ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ನಡೆದೆ. ಕುರ್ಚಿಯಲ್ಲಿ ಕೂತೇ ಪಾಠ ಹೇಳಿದೆ. ಪರೀಕ್ಷೆಯ ಪೇಪರು ತಿದ್ದುತ್ತೇನೆಂದು ಬಾಗಿಲು ಹಾಕಿಕೊಂಡು ನೆಲದ ಮೇಲೆ ಮಲಗಿದೆ. ನಾಲ್ಕು ತಿಂಗಳು ಪೂರ್ತಿ ಚೆನ್ನಾಗಿರುತ್ತಿದ್ದೆ. ವಾಸಿಯಾಯಿತು, ನನ್ನದೇ ಭ್ರಮೆ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬೀಳುತ್ತಿದ್ದೆ. ಒಳ್ಳೆಯ ತಿಂಗಳುಗಳು ಮಾತಿನಿಂದ ಬಂದವೋ, ದೇವಿಯಿಂದಲೋ, ತಾವಾಗಿ ಬಂದವೋ? ಕೆಟ್ಟವು ಬಂದದ್ದು ಮಾತು ಬಿಟ್ಟದ್ದರಿಂದಲೋ, ಬಾಯಿ ಮುಚ್ಚಿಕೊಂಡದ್ದರಿಂದಲೋ? ಒಂದೊಂದು ದಿನ ಒಂದೊಂದು ಅನಿಸುತ್ತಿತ್ತು.

ಎಂಬತ್ತರ ದಶಕದಲ್ಲಿ ಒಂದು ಕಾರ್ಡು ಬಂತು. ಹಿಂದೆ ತಮ್ಮ ಹತ್ತಿರ ಬಂದವರೆಲ್ಲ ಈಗ ಹೇಗಿದ್ದಾರೆಂದು ತಿಳಿಯಬೇಕಾಗಿದೆ, ಒಂದು ಬುಧವಾರ ಬಂದು ಹೋಗಿ ಎಂದು ಡಾಕ್ಟರು ಬರೆದಿದ್ದರು. “ಹೋಗೂಣು ನಡಿ. ಆರಾಮಾಗ್ಯಾಳಂತ ನಾನ ಹೇಳ್ತೇನಿ” ಎಂದು ಅತ್ತೆ ಹೊಸ ಸೀರೆ ಉಟ್ಟು ಹೊರಟರು.

ಡಾಕ್ಟರ ಕೂದಲು ಬೆಳ್ಳಗಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಎಂಟು ವರ್ಷಾತ್ರಿ, ಒಂದು ದಿನಾ ಮಲಗಿಲ್ಲ” ಎಂದರು. ಡಾಕ್ಟರು ಕಾಗದ ಎಳೆದುಕೊಂಡು ಬರೆಯತೊಡಗಿದರು. ಆರು ತಿಂಗಳ ಮಾತಿಗೆ ನಾನು ಗುಣವಾದೆನೆಂದು ಆ ಕಾಗದ ಹೇಳುತ್ತದೆ. ಮುಂದೆ ನನ್ನಂಥವಳೊಬ್ಬಳು ಬಂದರೆ ಆರು ತಿಂಗಳು ಸಾಕೆಂದು ಅವಳನ್ನೂ ಮನೆಗೆ ಕಳಿಸುತ್ತಾರೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ತಲೆಯಾಡಿಸಿದ ನನ್ನ ಮೇಲೆ.

“ಬರೀಬ್ಯಾಡ್ರಿ ಸಾಹೇಬ್ರ. ನಾ ಆರಾಮಾಗಿಲ್ಲ.”

ಆಮೇಲೆ ಎಲ್ಲ ಹೇಳಿದೆ. ಮುಚ್ಚಿದ ಬಾಗಿಲು, ಬಿದ್ದ ತಿಂಗಳು, ಎದ್ದ ತಿಂಗಳು. ಹಾಗಾದರೆ ಮಾತಿನಿಂದ ಉಪಯೋಗವಾಯಿತೋ ಇಲ್ಲವೋ ಎಂದು ಅವರು ಕೇಳಿದರು. “ಆತು. ಸಾಲಲಿಲ್ಲ. ಮುಂದಿಂದು ನನಗೂ ತಿಳೀವಲ್ದು” ಎಂದೆ. ಅವರು ಅದನ್ನು ಹಾಗೆಯೇ ಬರೆದುಕೊಂಡರು. ಅತ್ತೆ ನೆಲ ನೋಡುತ್ತ ಕೂತಿದ್ದರು.

ಮರಳುವ ಬಸ್ಸು ಕಮತಗಿ ದಾಟಿತು. ಅತ್ತೆ ಕೇಳಿದರು: “ದೇವಿಗೆ ಏನ ಹೇಳ್ಲಿ ನಾ?”

“ಇದ್ದದ್ದ ಹೇಳ್ರಿ ಅತ್ತಿ.”

ಅತ್ತೆ ಕಿಟಕಿಯ ಕಡೆ ತಿರುಗಿ ಕೂತರು. ಇನ್ನು ಮನೆಯಲ್ಲಿ ನನ್ನ ಜೊತೆ ಮಾತೇ ಬಿಡುತ್ತಾರೋ ಏನೋ ಎಂದು ಹೆದರಿ ಕೂತಿದ್ದೆ. ಹುನಗುಂದದಲ್ಲಿ ಬಸ್ಸು ನಿಂತಾಗ ಅವರು ನನ್ನ ಕಡೆ ತಿರುಗಿದರು.

“ಮತ್ತ ಯಾವಾಗ ಬಾ ಅಂದಾರ ಡಾಕ್ಟರು?”

“ಹದಿನೈದು ದಿನಕ್ಕರಿ. ಬುಧವಾರ.”

“ಮುಂಜಾನಿ ಬಸ್ಸಿಗೆ ಹೋಗು. ಅವತ್ತ ರೊಟ್ಟಿ ನಾ ಬಡೀತೇನಿ.”

ಅಷ್ಟು ಮಂದಿಯ ನಡುವೆ ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಏನಾತ್ರಿ ಅವರಿಗೆ ಎಂದು ಕಂಡಕ್ಟರ್ ಕೇಳಿದ. “ಆರಾಮಿಲ್ಲೋ ತಮ್ಮಾ ಆಕಿಗೆ” ಎಂದು ಅತ್ತೆ ಅವನಿಗೆ ಹೇಳಿದರು.