ರೈಲಿಗಿಂತ ಮೊದಲು ಬಂದದ್ದು

“ರೈಲು ಬಂತು,” ಎಂದರು ನಮ್ಮತ್ತೆ, ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ. ಕೋಣನಕುಂಟೆಯ ನಮ್ಮ ಕಿಟಕಿಗೆ ಮೆಟ್ರೊ ಹಳಿ ಅಂಟಿಕೊಂಡಂತೇ ಇದೆ. ಆದರೆ ಆಗ ಯಾವ ಸದ್ದೂ ಇರಲಿಲ್ಲ.

ಉತ್ತರಕ್ಕೆ ತಲೆ ಹಾಕಬಾರದೆಂದು ಅತ್ತೆಯ ಮಂಚ ತಿರುಗಿಸುತ್ತಿದ್ದೆವು. ದಿಕ್ಕು ನೋಡಲು ಪಿಯುಸಿ ಓದುವ ಮಗಳು ದಿಂಬಿನ ಮೇಲೆ ದಿಕ್ಸೂಚಿ ಇಟ್ಟಿದ್ದಳು. ಅತ್ತೆ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಅದರ ಮುಳ್ಳು ನಡುಗಿತು. ರೈಲು ಹಾದುಹೋದದ್ದು ಆಮೇಲೆ.

“ರೈಲಿಗಿಂತ ಮುಂಚೆ ಹಳೀಲಿ ಕರೆಂಟ್ ಹರಿಯುತ್ತಮ್ಮ. ಕರೆಂಟ್ ಹರಿದ್ರೆ ಸುತ್ತ ಅಯಸ್ಕಾಂತದ ಸೆಳೆತ ಹುಟ್ಟುತ್ತೆ, ಮುಳ್ಳು ಅಲ್ಲಾಡುತ್ತೆ,” ಎಂದ ಮಗಳು ದನಿ ತಗ್ಗಿಸಿದಳು. “ಆದ್ರೆ ಅಜ್ಜಿಗೆ ಹೇಗೆ ಗೊತ್ತಾಯ್ತು?”

ಮಂಚ ಈಗ ಒಳಕೋಣೆಯಲ್ಲಿದೆ. ಅಲ್ಲಿ ಮುಳ್ಳು ಅಲುಗುವುದಿಲ್ಲ. ಅತ್ತೆ ಮಾತ್ರ ಮಧ್ಯಾಹ್ನದ ನಿದ್ದೆಯಲ್ಲೂ “ಬಂತು” ಎನ್ನುತ್ತಾರೆ. ನಾನು ಕಿಟಕಿಗೆ ಓಡುತ್ತೇನೆ. ರೈಲು ಆಗಷ್ಟೇ ದೂರದ ತಿರುವಿನಲ್ಲಿ ಕಾಣಿಸುತ್ತದೆ.