ಬಟ್ಟೆಯ ಆ ತುದಿ

ನರ್ಸಮ್ಮನ ಎರಡೂ ಹೆಬ್ಬೆರಳಿನ ಉಗುರುಗಳು ನಡುವೆ ಸೀಳಿದ್ದವು. ಸೋಪು, ಫಿನಾಯಿಲು, ಬಿಸಿನೀರು ಸೇರಿ ತಿಂದುಹಾಕಿದ್ದ ಉಗುರುಗಳು. ಅವಕ್ಕೆ ಬಟ್ಟೆಯ ಚೂರು ಸುತ್ತಿಕೊಂಡು, ನಮ್ಮಪ್ಪನ ಸೊಂಟದ ಕೆಳಗೆ ಅಡ್ಡಲಾಗಿ ಹಾಸಿದ್ದ ದಪ್ಪ ಬಟ್ಟೆಯ ಒಂದು ತುದಿ ಹಿಡಿದಿದ್ದರು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅದು ಸೋಮವಾರ ಮಧ್ಯಾಹ್ನ, ಎಲ್ಲ ದಿನಗಳಂಥದೇ ದಿನ.

"ಏನ್ ಗೌಡ್ರೆ, ಆಲೆಮನೆ ಬೆಲ್ಲಾನೆಲ್ಲ ನೀವೇ ತಿಂದ್ಬುಟ್ರಾ? ನಮ್ ಸೊಂಟಾನೂ ವಸಿ ಉಳ್ಸಿ."

ಅಪ್ಪ ಬಾಯಿಯ ಒಂದು ಬದಿಯಲ್ಲಿ ನಕ್ಕರು. ಇನ್ನೊಂದು ಬದಿಯನ್ನು ಲಕ್ವ ತೆಗೆದುಕೊಂಡಿತ್ತು.

ಭಾರತೀನಗರದ ಪಕ್ಕದ ನಮ್ಮೂರಿನಿಂದ ಅಪ್ಪನನ್ನು ಮಂಡ್ಯದ ಆ ನರ್ಸಿಂಗ್ ಹೋಮಿಗೆ ತಂದು ಎರಡು ತಿಂಗಳಾಗಿತ್ತು. ಒಂದೇ ಉದ್ದನೆಯ ವಾರ್ಡು, ಹದಿನಾರು ಮಂಚ. ಕೆಲಸ ಕಲಿತ ನರ್ಸು ಅವರೊಬ್ಬರೇ. ಇಬ್ಬರು ಆಯಾಗಳಿದ್ದರು, ನೆಲ ಒರೆಸಿ, ಮಾಲೀಕ ಡಾಕ್ಟರ ಮನೆಯ ಬಟ್ಟೆ ಒಗೆಯುವಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು.

ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎನ್ನುವುದು ನರ್ಸಮ್ಮನ ಕಟ್ಟಳೆ. ಅದಕ್ಕೆ ಇಬ್ಬರು ಬೇಕು. ಒಬ್ಬರೇ ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಕಿತ್ತುಬರುತ್ತದೆ. "ಬೆನ್ಗೆ ಕಣ್ಣಿಲ್ಲ ಕಣ್ ಕೂಸೇ, ನಾವೇ ನೋಡ್ಬೇಕು," ಎನ್ನುತ್ತಿದ್ದರು. ನಾನು ಅಪ್ಪನಿಗಾಗಿ ಹಿಡಿದ ಬಟ್ಟೆಯನ್ನು ಆಮೇಲೆ ಎಲ್ಲರಿಗಾಗಿ ಹಿಡಿದೆ.

ಕಿಟಕಿಯ ಬಳಿ ಒಬ್ಬರು ಮುದುಕರಿದ್ದರು. ನಾವು ಬರುವ ಮುಂಚೆ, ತನ್ನ ತಾಯಿ ತೀರಿಕೊಂಡು ನರ್ಸಮ್ಮ ಊರಿಗೆ ಹೋಗಿದ್ದ ಆರು ದಿನ ಅವರನ್ನು ಯಾರೂ ಹೊರಳಿಸಿರಲಿಲ್ಲ. ಬೆನ್ನಿನ ಹುಣ್ಣಿನಲ್ಲಿ ನನ್ನ ಮುಷ್ಟಿ ಹಿಡಿಸುತ್ತಿತ್ತು. ಆ ವಾಸನೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ನರ್ಸಮ್ಮ ಡಾಕ್ಟರನ್ನು ವಾರಕ್ಕೊಮ್ಮೆ ಕೇಳುತ್ತಿದ್ದರು, ಇನ್ನೊಬ್ಬ ನರ್ಸನ್ನು ತನ್ನಿ ಎಂದು.

"ಯಾಕಮ್ಮ? ಇವ್ರ ಮನೆಯೋರು ಇರ್ತಾರಲ್ಲ."

"ಮನೆಯೋರು ಅಳಕ್ಕೆ ಬಂದವ್ರೆ ಸಾ, ಎತ್ತಕ್ಕಲ್ಲ."

ಮಂಗಳವಾರ ಬೆಳಿಗ್ಗೆ ಡಾಕ್ಟರ ಹೆಂಡತಿ ಮೂರು ಬಿಳಿ ಸೀರೆ, ಮೂರು ಬಿಳಿ ಟೋಪಿ ತಂದರು. ಪರವಾನಗಿಗೆ ತನಿಖೆ ಮಾಡಲು ಅಧಿಕಾರಿ ಬರುತ್ತಿದ್ದರು. ಎರಡು ಸೀರೆ ಆಯಾಗಳಿಗೆ, ಮೂರನೆಯದು ನನಗೆ.

"ಒಂದು ಗಂಟೆ ಮಟ್ಟಿಗೆ ಉಟ್ಕೊಳಮ್ಮ. ಇದು ಮುಚ್ಚಿಹೋದ್ರೆ ನಿಮ್ಮಪ್ಪನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ, ಬಸ್ಸಲ್ಲಿ ಮಲಗಿಸ್ಕೊಂಡಾ?"

ಗಂಡ ಬದುಕಿರುವಾಗಲೇ ಬಳೆ ಕಳಚಿ ಬಿಳಿ ಸೀರೆ ಉಟ್ಟೆ. ತಾಳಿಯನ್ನು ರವಿಕೆಯೊಳಗೆ ತಳ್ಳಿದೆ. ಟೋಪಿ ನೆಟ್ಟಗೆ ಕೂತಿದೆಯೇ ಎಂದು ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ. ನೆನೆದರೆ ಈಗ ಅದೇ ಹೇಸಿಗೆ.

ಅಧಿಕಾರಿ ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿದರು. "ಸಕ್ಕರೆ ಕಾರ್ಖಾನೆ ಕಾಕಂಬಿ ವಾಸನೆ ಸಾರ್, ಗಾಳಿ ಈ ಕಡೆ ತಿರುಗಿದೆ," ಎಂದರು ಡಾಕ್ಟರು. ಮಂಡ್ಯದಲ್ಲಿ ಕಾಕಂಬಿಯ ವಾಸನೆ ಹೇಗಿರುತ್ತದೆಂದು ಮಕ್ಕಳಿಗೂ ಗೊತ್ತು. ಅಧಿಕಾರಿ ಒಪ್ಪಿದಂತೆ ತಲೆಯಾಡಿಸಿದರು.

"ಎಷ್ಟು ಜನ ನರ್ಸುಗಳಿದ್ದೀರಮ್ಮ?"

"ನಾನೊಬ್ಳೆ ಸಾ," ಎಂದರು ನರ್ಸಮ್ಮ.

"ಮತ್ತೆ ಇವರು?" ಅಧಿಕಾರಿಯ ಪೆನ್ನು ನನ್ನ ಕಡೆ ತಿರುಗಿತ್ತು.

ನರ್ಸಮ್ಮ ನನ್ನನ್ನು ನೋಡಿದರು. ಉತ್ತರವನ್ನು ನನಗೇ ಬಿಟ್ಟರು.

"ನಾನೂ ನರ್ಸೇ ಸಾರ್," ಎಂದೆ.

"ಎಲ್ಲಾ ತಾನೊಬ್ಬಳೇ ಮಾಡ್ತೀನಿ ಅನ್ನೋ ಜಂಭ ಸಾರ್ ಇವಳಿಗೆ," ಎಂದು ಡಾಕ್ಟರು ನರ್ಸಮ್ಮನ ಕಡೆ ಕೈ ತೋರಿಸಿ ನಕ್ಕರು. ಅಧಿಕಾರಿ ನಾಲ್ಕು ಎಂದು ಬರೆದುಕೊಂಡು, ಡಾಕ್ಟರ ಕೋಣೆಯಲ್ಲಿ ಮದ್ದೂರಿನಿಂದ ತರಿಸಿದ್ದ ವಡೆ ತಿಂದು ಹೋದರು. ಮುದುಕರ ಹೊದಿಕೆಯನ್ನು ಯಾರೂ ಎತ್ತಿ ನೋಡಲಿಲ್ಲ.

ಆ ಮಧ್ಯಾಹ್ನ ನರ್ಸಮ್ಮ ಎಂದಿನಂತೆ ಅಪ್ಪನ ಮಂಚದ ಬಳಿ ಬಂದರು. ಅಲ್ಲಿಯವರೆಗೆ ನನ್ನನ್ನು ಕೂಸೇ ಎಂದು ಕರೆಯುತ್ತಿದ್ದವರು, "ಇಡ್ಕಳಿ ಸಿಸ್ಟರ್," ಎಂದರು. ಅದೊಂದೇ ಮಾತು. ಸಂಜೆಯ ಹೊತ್ತಿಗೆ ನಾನು ಮತ್ತೆ ಕೂಸಾಗಿದ್ದೆ.

ಮೂರು ವಾರಕ್ಕೆ ಅಪ್ಪ ಹೋದರು. ಊರಿನಲ್ಲಿ ಮೈ ತೊಳೆಸುವಾಗ ಬೆನ್ನಿನ ಮೇಲೆ ಒಂದು ಗೀರೂ ಇರಲಿಲ್ಲ. ಅದನ್ನು ನೋಡಿ ನಾನು ಅತ್ತೆ. ಬಟ್ಟೆಯ ಆ ತುದಿಯನ್ನು ಈಗ ಯಾರು ಹಿಡಿಯುತ್ತಾರೆ ಎಂದು ಅಂದು ನನಗೆ ಹೊಳೆಯಲೂ ಇಲ್ಲ.

ಯಾರೂ ಹಿಡಿಯುತ್ತಿರಲಿಲ್ಲ. ಭಾರಿ ಮೈಯ ರೋಗಿಯೊಬ್ಬರನ್ನು ಒಬ್ಬರೇ ಹೊರಳಿಸಲು ಹೋಗಿ ನರ್ಸಮ್ಮ ಪಕ್ಕದ ಮಂಚದ ಕಬ್ಬಿಣದ ಮೇಲೆ ಬಿದ್ದರು. ಬೆನ್ನುಮೂಳೆ ಮುರಿಯಿತು. ಸುದ್ದಿ ತಿಳಿದು ನಾನು ಚಿಕ್ಕರಸಿನಕೆರೆಗೆ, ಅವರ ಅಣ್ಣನ ಮನೆಗೆ ಹೋದಾಗ ಅವರು ಬಿದ್ದು ಮೂರು ತಿಂಗಳಾಗಿತ್ತು. ನಡುಮನೆಯಲ್ಲಿ ಮಲಗಿದ್ದರು. ಅತ್ತಿಗೆ ಒಂದು ತುದಿ, ಪಕ್ಕದ ಮನೆಯ ಹೆಂಗಸು ಒಂದು ತುದಿ ಹಿಡಿದು ಹೊರಳಿಸುತ್ತಿದ್ದರು. ಅವರಿಬ್ಬರಿಗೂ ಓದು ಬರುತ್ತಿರಲಿಲ್ಲ. ನರ್ಸಮ್ಮ ಮಲಗಿದಲ್ಲಿಂದಲೇ, "ಎಳೀಬ್ಯಾಡ ಕಣಮ್ಮಿ, ಎತ್ತು," ಎಂದು ಗದರುತ್ತಿದ್ದರು. ಬೆನ್ನು ಶುಭ್ರವಾಗಿತ್ತು.

ಪಕ್ಕದ ಮನೆಯವಳ ಕೈಯಿಂದ ನಾನು ಬಟ್ಟೆ ತೆಗೆದುಕೊಂಡೆ.

"ನೀನು ವೋದ ಮೇಲೆ ಡಾಕ್ಟ್ರನ್ನ ಇನ್ನೊಂದ್ಸಲ ಕೇಳ್ದೆ ಕಣವ್ವ," ಎಂದರು ನರ್ಸಮ್ಮ. "ಆ ಆಫೀಸರ್ ಬರ್ದಿದ್ ಕಾಗ್ದ ತಗ್ದು ತೋರ್ಸುದ್ರು. ನಾಲ್ಕು ಜನ ಇದೀರಲ್ಲ, ಇನ್ಯಾಕೆ ಅಂದ್ರು."

ನನ್ನ ಮುಖ ನೋಡಲಿಲ್ಲ. ಹೊರಳಿಸಿ ಮುಗಿದ ಮೇಲೆ, "ನಿಮ್ಮಪ್ಪನ ಬೆನ್ನು?" ಎಂದು ಕೇಳಿದರು. ಚೆನ್ನಾಗಿತ್ತು ಎಂದೆ. "ಅಷ್ಟು ಸಾಕು ಬುಡು," ಎಂದರು.

ಕಾರ್ತಿಕದಲ್ಲಿ ಎದೆಗೆ ಕಫ ಕಟ್ಟಿ ತೀರಿಕೊಂಡರು. ನನಗೆ ತಿಳಿದದ್ದು ಮಣ್ಣಾದ ಮೇಲೆ.

ಹೋದ ತಿಂಗಳು ನಾದಿನಿಯ ಮಾವನನ್ನು ನೋಡಲು ಅದೇ ನರ್ಸಿಂಗ್ ಹೋಮಿಗೆ ಹೋಗಿದ್ದೆ. ಪರವಾನಗಿಗೆ ಗಾಜು ಹಾಕಿಸಿ ಬಾಗಿಲ ಎದುರಿಗೇ ತೂಗುಹಾಕಿದ್ದಾರೆ. ನರ್ಸುಗಳು ನಾಲ್ವರು ಎಂದಿದೆ. ಅದರಲ್ಲಿ ಒಬ್ಬಳು ನಾನು. ನರ್ಸಮ್ಮನ ಜಾಗಕ್ಕೆ ಒಬ್ಬ ಹುಡುಗಿ ಬಂದಿದ್ದಾಳೆ, ಅವಳೂ ಒಬ್ಬಳೇ. ಎರಡನೆಯ ನರ್ಸು ಇನ್ನೂ ಬಂದಿಲ್ಲ.