ಎಲ್ಲರೂ ಒಟ್ಟಿಗೆ ಮಾತಾಡಿದಾಗ

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಪಾರಾಯಣ. ಮಗಳನ್ನು ಸ್ಕೂಲಿಗೆ ಬಿಟ್ಟು, ಡಾಲಸ್ ಪಕ್ಕದ ಫ್ರಿಸ್ಕೋದ ಮುಗಿಯದ ಸಿಗ್ನಲ್‌ಗಳನ್ನು ದಾಟಿ ಮನೆಗೆ ಬಂದು, ಕಾಲು ತೊಳೆದು ದೀಪ ಹಚ್ಚುವಷ್ಟರಲ್ಲಿ ಅರ್ಧ ದಿನ ದುಡಿದಷ್ಟು ಸುಸ್ತಾಗಿರುತ್ತದೆ. ಫೋನನ್ನು ತೊಗರಿಬೇಳೆ ಡಬ್ಬಕ್ಕೆ ಒರಗಿಸಿ ಕೂರುತ್ತೇನೆ. ಪರದೆಯ ಮೇಲೆ ಒಂಬತ್ತು ಚೌಕ. ಡಾಲಸ್ ಕಡೆಯವರು ಐವರು, ಆಸ್ಟಿನ್‌ನವರು ಮೂವರು, ಹ್ಯೂಸ್ಟನ್‌ನಿಂದ ಆಂಟಿ ಒಬ್ಬರೇ.

ದೇವರು ದೊಡ್ಡದೇನೂ ಕೊಡದ ದಿನವೂ ಸಣ್ಣದೊಂದು ಕೊಟ್ಟೇ ಇರುತ್ತಾನೆ ಎಂದು ನಂಬಿದವಳು ನಾನು. ಹಾಲು ಉಕ್ಕುವ ಮುಂಚೆ ಕಣ್ಣಿಗೆ ಬಿತ್ತು, ಇವತ್ತು ಮಂಡಿ ಅಷ್ಟು ನೋಯಲಿಲ್ಲ, ಇಂಥವು. ಕೂತಾಗ ಅವನ್ನೆಲ್ಲ ಮನಸ್ಸಿನಲ್ಲೇ ಎಣಿಸಿ ಕೈ ಮುಗಿಯುತ್ತೇನೆ. ಆ ಪಟ್ಟಿಯಲ್ಲಿ ಬಹಳ ವರ್ಷ ಹ್ಯೂಸ್ಟನ್ ಆಂಟಿಯೂ ಒಬ್ಬರು. ನಾನು ಈ ದೇಶಕ್ಕೆ ಹೊಸಬಳಾಗಿ ಬಂದಾಗ ದೇವಿಯ ನಾಮಾವಳಿಯನ್ನು ಫೋನಿನಲ್ಲೇ, ಒಂದೊಂದು ಅಕ್ಷರ ತಿದ್ದಿ ಕಲಿಸಿದವರು ಅವರು. ನಮ್ಮೆಲ್ಲರಿಗೂ ಅವರೇ ಕಲಿಸಿದ್ದು.

ಹೋದ ವರ್ಷ ಅವರ ಥೈರಾಯ್ಡ್ ಆಪರೇಶನ್ ಆಯಿತು. ದನಿಯ ನರ ಪಕ್ಕದಲ್ಲೇ ಇದೆ, ದನಿ ಹೋದರೂ ಹೋಗಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಆಂಟಿ ಹರಕೆ ಹೊತ್ತರು. ದನಿ ಉಳಿದರೆ ಹದಿನಾರು ಶುಕ್ರವಾರ, ತಪ್ಪದೆ, ಎಲ್ಲರ ಜೊತೆ ಸೇರಿ ನಾಮಾವಳಿ ಹೇಳುತ್ತೇನೆ ಎಂದು. ದನಿಯೇನೋ ಉಳಿಯಿತು. ಆದರೆ ಒಲೆ ಆರಿಸಿದ ಮೇಲೆ ಕುಕ್ಕರ್‌ನಿಂದ ಬರುವ ಕೊನೆಯ ಆವಿಯಷ್ಟು.

ಎಲ್ಲರೂ ಮೈಕ್ ತೆರೆದು ಒಟ್ಟಿಗೇ ಹೇಳುವುದು ನಮ್ಮ ಪದ್ಧತಿ. ಒಬ್ಬರು ಹೇಳಿ ಮಿಕ್ಕವರು ಕೇಳಿದರೆ ಅದು ಪಾರಾಯಣವಲ್ಲ ಎಂದು ಹೇಳಿಕೊಟ್ಟವರೂ ಆಂಟಿಯೇ. ಫೋನಿನಲ್ಲಿ ಅದು ಎಂಥ ಗದ್ದಲವಾಗುತ್ತದೆ ಎಂದು ಮಾಡಿದವರಿಗೇ ಗೊತ್ತು. ಒಟ್ಟಿಗೆ ಶುರು ಮಾಡಿದರೂ ಹತ್ತು ನಾಮ ಕಳೆಯುವಷ್ಟರಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ. ಯಾರದೋ ಮನೆಯ ಮಿಕ್ಸಿ ನಡುವೆ. ಕೊನೆಗೆ ಎಲ್ಲರ ಮೇಲೆ ಕೇಳಿಸುವುದು ಆಸ್ಟಿನ್‌ನಾಕೆಯ ದನಿ. ಹುಬ್ಬಳ್ಳಿ ಕಡೆಯವಳು, ನನ್ನ ವಾರಿಗೆಯವಳು, ಮನಸ್ಸೂ ದೊಡ್ಡದು, ಗಂಟಲೂ ದೊಡ್ಡದು.

ಐದನೆಯ ಶುಕ್ರವಾರ ಮಂಗಳಾರತಿ ಆದ ಮೇಲೆ ಆಂಟಿ ಕೇಳಿದರು. "ಇವತ್ತು ನನ್ನ ದನಿ ಹೇಗಿತ್ತಮ್ಮ? ಕೇಳಿಸ್ತಾ?"

"ಚೆನ್ನಾಗಿ ಕೇಳಿಸ್ತು ಆಂಟಿ," ಎಂದು ಮೊದಲು ಹೇಳಿದವಳು ನಾನೇ. "ಹೋದ ವಾರಕ್ಕಿಂತ ಎಷ್ಟೋ ಮೇಲು."

"ಗಂಟಿ ಬಾರಿಸಿದಂಗ ಇತ್ರಿ ಆಂಟಿ," ಎಂದಳು ಆಸ್ಟಿನ್‌ನಾಕೆ. ಉಳಿದವರೂ ಹೌದು ಹೌದು ಎಂದರು. ಕಾಯಿಲೆ ಬಿದ್ದು ಎದ್ದ ಹಿರಿಯರಿಗೆ ಇನ್ನೇನು ಹೇಳುವುದು?

"ಮೊದಲಿಂದ ಕೊನೇವರೆಗೂ ನಾನು ಮ್ಯೂಟಲ್ಲಿದ್ದೆ ಕಣ್ರಮ್ಮ. ಆರತಿ ಆದ್ಮೇಲೆ ನೋಡ್ಕೊಂಡೆ," ಎಂದರು ಆಂಟಿ. ಅವರ ಚೌಕ ಪರದೆಯಿಂದ ಮಾಯವಾಯಿತು.

ಆರನೆಯ ಶುಕ್ರವಾರ ಅವರು ಬರಲಿಲ್ಲ. ಫೋನ್ ಮಾಡಿದರೆ, "ಗಂಟಲು ಸರಿ ಇಲ್ಲಮ್ಮ," ಎಂದು ಇಟ್ಟುಬಿಟ್ಟರು. ಅರ್ಧಕ್ಕೆ ನಿಂತ ಹರಕೆ ನನ್ನ ನಾಲಿಗೆಯ ಮೇಲೆ ಕೂತ ಹಾಗಾಯಿತು. ಅನ್ನ ಬಡಿಸುವಾಗಲೂ ಅದೇ ಯೋಚನೆ.

ಮರುದಿನ ಶನಿವಾರ, ವೀಳ್ಯದೆಲೆ ಕರಿಬೇವು ತರಲು ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಗೆ ಹೊರಟೆವು. ಕಾರಿನಲ್ಲಿ ನಮ್ಮ ಮನೆಯವರಿಗೆ ನಡೆದದ್ದನ್ನು ಹೇಳಿದೆ. ಹಿಂದಿನ ಸೀಟಿನಿಂದ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಅಮ್ಮಾ, ಯು ಲೈಡ್?" ಎಂದಳು. ಅಷ್ಟು ಹೇಳಿ ಮತ್ತೆ ಹಾಕಿಕೊಂಡಳು.

ಅವರು ರಸ್ತೆ ನೋಡುತ್ತಲೇ ನಕ್ಕರು, ಸುಸ್ತಾದ ನಗು. "ನಿಮ್ಮ ಪಾರಾಯಣ, ನನ್ನ ಆಫೀಸು, ಎರಡೂ ಒಂದೇ ಕಣೇ. ಟವರ್ ಮಾತಾಡೋದು ಸುಲಭ. ಕೇಳಿಸ್ಕೊಳ್ಳೋದೇ ಕಷ್ಟ."

ಅವರ ಕೆಲಸ ಮೊಬೈಲ್ ಟವರ್‌ಗಳ ಕಿವಿಯದು ಎಂದಷ್ಟೇ ನನಗೆ ಗೊತ್ತಿತ್ತು. ತಿಂಗಳಿಗೆ ಎರಡು ಸಲ ಟೇಲರ್ ಎಂಬ ಊರಿನ ಹತ್ತಿರದ ಹೊಲಗಳಿಗೆ ಹೋಗಿ, ಮುಖ ಕಪ್ಪಗೆ ಮಾಡಿಕೊಂಡು ಬರುತ್ತಾರೆ. ಅಲ್ಲಿ ಮಣ್ಣಿನ ತೇವ ಅಳೆಯುವ ಸಣ್ಣ ಸಣ್ಣ ಯಂತ್ರಗಳನ್ನು ನೆಟ್ಟಿದ್ದಾರಂತೆ. ನಿದ್ದೆಯಿಂದ ಎದ್ದ ತಕ್ಷಣ ಅವು ಸರದಿ ಕೇಳದೆ ತಮ್ಮ ಲೆಕ್ಕವನ್ನು ಟವರ್‌ಗೆ ಕೂಗಿ ಹೇಳುತ್ತವೆ. ಎರಡು ಒಂದೇ ಕ್ಷಣ ಕೂಗಿದರೆ ಟವರ್‌ಗೆ ಎರಡೂ ತಿಳಿಯುವುದಿಲ್ಲ.

"ಮತ್ತೆ ಹೇಳಿ ಅಂದ್ರಾಯ್ತಪ್ಪ," ಎಂದೆ.

"ಇಬ್ರೂ ಒಂದೇ ಹೊತ್ತಿಗೆ ಮತ್ತೆ ಹೇಳಿದ್ರೆ? ನೀವು ಹೆಂಗಸರು ಫೋನಲ್ಲಿ ಮಾಡ್ತೀರಲ್ಲ. ನೀವು ಹೇಳಿ, ಇಲ್ಲ ನೀವೇ ಹೇಳಿ ಅಂತ ಇಬ್ರೂ ಸುಮ್ನಾಗ್ತೀರ. ಆಮೇಲೆ ಇಬ್ರೂ ಒಟ್ಟಿಗೇ ಶುರು."

"ಗಂಡಸರು ಮಾಡಲ್ವಾ?"

"ನಮ್ಮಲ್ಲಿ ಯಾರೂ ಸುಮ್ನಾಗೋದೇ ಇಲ್ಲ. ಅದಕ್ಕೇ ಒಬ್ಬ ಮೂರು ಎಣಿಸಿ ಹೇಳ್ಬೇಕು, ಇನ್ನೊಬ್ಬ ಏಳು ಎಣಿಸಿ. ಎಷ್ಟು ಎಣಿಸ್ಬೇಕು ಅಂತ ಅವರವರೇ ತೋಚಿದ್ದು ಆರಿಸ್ಕೋಬೇಕು."

"ಆಂಟಿದು ಅದಲ್ಲ ರೀ. ಅವರ ದನೀನೇ ಸಣ್ಣದು."

"ಅದು ಇನ್ನೂ ಕಷ್ಟ. ಟವರ್ ಪಕ್ಕದಲ್ಲಿರೋನು ಕೂಗಿದ್ರೆ ದೂರದವನು ಮುಚ್ಚಿಹೋಗ್ತಾನೆ. ಮೆಲ್ಲಗೆ ಮಾತಾಡಪ್ಪ ಅಂತ ಪಕ್ಕದವನಿಗೆ ಟವರೇ ಹೇಳ್ಬೇಕು. ಅದೂ ಆಗ್ಲಿಲ್ಲ ಅಂದ್ರೆ, ಜೋರಾಗಿರೋದನ್ನ ಮೊದಲು ಪೂರ್ತಿ ಕೇಳಿಸ್ಕೋಬೇಕು. ಅದು ಏನು ಅಂತ ಅಕ್ಷರ ಅಕ್ಷರ ಗೊತ್ತಾದ್ರೆ, ಬಂದಿದ್ರಲ್ಲಿ ಅದನ್ನ ಕಳೆದುಬಿಡಬಹುದು. ಏನು ಉಳಿಯುತ್ತೋ ಅದು ದೂರದವನದು."

"ನಿಮ್ಗೆ ಆಗಿದ್ಯಾ ಅದು?"

"ಲ್ಯಾಬಲ್ಲಿ ಆಗುತ್ತೆ. ಹೊಲದಲ್ಲಿ ಆಗ್ತಿಲ್ಲ." ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರು. "ನಿಮ್ಮ ಆ ವಿಡಿಯೋ ಕಾಲ್ ಆಪ್ ಇದೆಯಲ್ಲ, ಅದು ಇನ್ನೂ ಅನ್ಯಾಯ. ಜೋರಾಗಿರೋರ್ನ ಇಟ್ಕೊಂಡು, ಸಣ್ಣ ದನೀನ ಫ್ಯಾನ್ ಸದ್ದು ಅಂತ ಒರೆಸಿಹಾಕುತ್ತೆ."

ಅದು ನನಗೆ ಚುಚ್ಚಿತು. ನನಗೆ ಅಕ್ಷರ ತಿದ್ದಿದ ದನಿ, ಫ್ಯಾನ್ ಸದ್ದು.

ಸೋಮವಾರ ಪಾತ್ರೆ ಎತ್ತಿಟ್ಟು ಆಸ್ಟಿನ್‌ನಾಕೆಗೆ ಫೋನ್ ಮಾಡಿದೆ.

"ನಂದಾ ತಪ್ಪೇನ್ರಿ ಅಕ್ಕಾರ?" ಅವಳ ದನಿ ಮೊದಲ ಬಾರಿಗೆ ಇಳಿದಿತ್ತು. "ಮೈಕ್ ನುಂಗಿ ಹುಟ್ಟೀದಿ ಅಂತ ನಮ್ಮನೀಯವರು ದಿನಾ ಅಂತಾರ."

"ನಿಮ್ಮದಲ್ಲ. ಸುಳ್ಳು ಮೊದಲು ಹೇಳಿದ್ದು ನಾನು."

"ಹಂಗಾರ ಫೋನ್ ಬ್ಯಾಡ್ರಿ. ಹ್ಯೂಸ್ಟನ್‌ಗೇ ಹೋಗೂಣು. ನಾವು ಮೂರೂ ಮಂದಿ ಬರ್ತೀವಿ."

ಏಳನೆಯ ಶುಕ್ರವಾರವೂ ಆಂಟಿ ಬರಲಿಲ್ಲ. ಎಂಟನೆಯದಕ್ಕೆ, ಮಗಳನ್ನು ಸ್ಕೂಲಿಗೆ ಬಿಡುವುದನ್ನು ನಮ್ಮ ಮನೆಯವರಿಗೆ ಒಪ್ಪಿಸಿ ನಾನೊಬ್ಬಳೇ ಹೊರಟೆ. ಹೈವೇ ಎಂದರೆ ನನಗೆ ಇಂದಿಗೂ ಹೆದರಿಕೆ. ನಾಲ್ಕು ಗಂಟೆಗೂ ಮೇಲೆ ಸ್ಟಿಯರಿಂಗ್ ಹಿಡಿದು ಹೆಗಲು ಕಲ್ಲಾಯಿತು. ಒಬ್ಬ ದೊಡ್ಡ ಲಾರಿಯವನು ನಿಧಾನ ಮಾಡಿ ನನಗೆ ಜಾಗ ಬಿಟ್ಟ. ಅವನನ್ನೂ ಎಣಿಸಿಕೊಂಡೆ.

ಆಂಟಿ ಬಾಗಿಲು ತೆಗೆದಾಗ ನಾವು ನಾಲ್ವರೂ ಮೆಟ್ಟಿಲ ಮೇಲೆ ಹೂವು ಹಿಡಿದು ನಿಂತಿದ್ದೆವು.

"ಇಷ್ಟು ದೂರ ಯಾಕೆ ಬಂದ್ರಿ?" ಎಂದರು. "ನನ್ನ ದನಿ ಮ್ಯೂಟಲ್ಲಿದ್ರೂ ನಿಮಗೆ ಚೆನ್ನಾಗಿ ಕೇಳಿಸುತ್ತಲ್ಲ."

"ತಪ್ಪಾಯ್ತು ಆಂಟಿ," ಎಂದೆ.

ಆಸ್ಟಿನ್‌ನಾಕೆ ಸುಮ್ಮನಿರದೆ, "ದೇವಿಗೆ ಮ್ಯೂಟ್ ಎಲ್ಲೈತ್ರಿ ಆಂಟಿ?" ಎಂದಳು.

"ದೇವಿಗಿಲ್ಲಮ್ಮ. ನಾನು ಹರಕೆ ಹೊತ್ತಿದ್ದು ನಿಮ್ಮ ಜೊತೆ ಹೇಳ್ತೀನಿ ಅಂತ. ಕೇಳಿಸ್ಕೊಳ್ಳೋರೇ ಇಲ್ಲ ಅಂದ್ರೆ ಜೊತೆ ಎಲ್ಲಿ ಬಂತು? ಒಳಗೆ ಬನ್ನಿ, ಹೂವು ಬಾಡುತ್ತೆ."

ದೇವರ ಮುಂದೆ ಕೂತೆವು. ನಾನು ಆಂಟಿಯ ಪಕ್ಕ. ಆಸ್ಟಿನ್‌ನಾಕೆಯನ್ನು ಕೋಣೆಯ ಆ ತುದಿಗೆ ಕೂರಿಸಿ, "ಸ್ವಲ್ಪ ಮೆಲ್ಲಗೆ," ಎಂದೆ.

"ಮೆಲ್ಲಗ ಅಂದ್ರ ಹೆಂಗಿರತೈತ್ರಿ?" ಎಂದಳು ಪಾಪ, ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ.

ಮೊದಲ ನಲವತ್ತು ನಾಮ ಮೆಲ್ಲಗೇ ಹೇಳಿದಳು. ಆಮೇಲೆ ಭಕ್ತಿ ಏರಿತು, ದನಿಯೂ ಏರಿತು. ಪಕ್ಕದಲ್ಲೇ ಕೂತರೂ ಆಂಟಿಯ ತುಟಿ ಆಡುವುದು ಕಾಣುತ್ತಿತ್ತೇ ಹೊರತು ದನಿ ಕೇಳಲಿಲ್ಲ. ಇಷ್ಟು ದೂರ ಬಂದೂ ಇದೇ ಆಯಿತಲ್ಲ ತಾಯಿ, ಎಂದುಕೊಂಡೆ.

ಆಗ ನಮ್ಮ ಮನೆಯವರ ಮಾತು ನೆನಪಾಯಿತು. ಕಣ್ಣು ಮುಚ್ಚಿದೆ. ಆಸ್ಟಿನ್‌ನಾಕೆಯ ಬಾಯಿಂದ ಮುಂದೆ ಯಾವ ಅಕ್ಷರ ಬರುತ್ತದೆ ಎಂದು ನನಗೆ ಗೊತ್ತು. ಆಂಟಿಯೇ ಕಲಿಸಿದ್ದು. ಗೊತ್ತಿದ್ದದ್ದನ್ನು ಗೊತ್ತಿದೆ ಎಂದು ಬದಿಗಿಟ್ಟೆ. ಉಳಿದ ಇಬ್ಬರದನ್ನೂ ಹಾಗೆಯೇ ಇಟ್ಟೆ. ಕೊನೆಗೆ ಉಳಿದು ಅಡ್ಡ ಬರುತ್ತಿದ್ದದ್ದು ನನ್ನದೇ ದನಿ. ಅದನ್ನು ಬದಿಗಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ತುಟಿ ಮಾತ್ರ ಆಡಿಸುವಷ್ಟಕ್ಕೆ ಇಳಿಸಿದೆ.

ಎಲ್ಲರಿಗಿಂತ ಅರ್ಧ ಅಕ್ಷರ ಹಿಂದೆ, ಒಣಗಿದ ಎಲೆ ನೆಲಕ್ಕೆ ತಾಗಿದಷ್ಟು ಸದ್ದಿನಲ್ಲಿ, ಆಂಟಿ ಇದ್ದರು. ಹ್ರಸ್ವ ದೀರ್ಘ ಒಂದೂ ಕೆಟ್ಟಿರಲಿಲ್ಲ. ಮುಗಿಯುವವರೆಗೂ ಅದೊಂದನ್ನೇ ಹಿಡಿದುಕೊಂಡು ಕೂತೆ.

ಆರತಿ ಆಯಿತು. ಈ ಸಲ ಆಂಟಿ ಏನೂ ಕೇಳಲಿಲ್ಲ. ನಾನೇ ಹೇಳಿದೆ. "ಆಂಟಿ, ಅರ್ಧ ದಾಟಿದ ಮೇಲೆ ನಿಮಗೆ ಕೆಮ್ಮು ಬಂತು. ಅಲ್ಲಿ ಎರಡು ನಾಮ ಬಿಟ್ಟೋಯ್ತು. ಕೊನೇಲಿ ಉಸಿರು ಸಾಲ್ಲಿಲ್ಲ."

ಆಸ್ಟಿನ್‌ನಾಕೆ ನನ್ನ ತೊಡೆ ಚಿವುಟಿದಳು. ಆಂಟಿ ನನ್ನನ್ನೇ ನೋಡಿದರು, ಹಿಂದೆ ನನ್ನ ತಪ್ಪು ಹಿಡಿದಾಗ ಪರದೆಯಲ್ಲಿ ನೋಡುತ್ತಿದ್ದ ಹಾಗೆ.

"ಎರಡಲ್ಲ, ಮೂರು," ಎಂದರು. "ಹಂಗಾದ್ರೆ ಕೇಳಿಸ್ತು."

ಎದ್ದು ಅಡುಗೆಮನೆಗೆ ಹೋದವರು ಅಲ್ಲಿಂದಲೇ ಹೇಳಿದರು. ಹೇಳಿದ್ದು ಕೇಳಲೆಂದು ನಾವೆಲ್ಲ ಮಾತು ನಿಲ್ಲಿಸಬೇಕಾಯಿತು. "ಹಳೇ ಐದು ಬೇಡ. ಇವತ್ತಿಗೆ ಒಂದು. ಮುಂದಿನ ವಾರದಿಂದ ಫೋನಲ್ಲಿ ನನ್ನ ಜೊತೆ ವಾರಕ್ಕೊಬ್ಬರದೇ ಮೈಕ್. ಮಿಕ್ಕೋರು ಮ್ಯೂಟ್ ಮಾಡ್ಕೊಂಡು ಹೇಳಿ. ಆ ಒಬ್ಬರು ಆಮೇಲೆ ನನಗೆ ತಪ್ಪು ಹೇಳ್ಬೇಕು."

"ನಮ್ಮ ಪದ್ಧತಿ, ಆಂಟಿ?" ಎಂದೆ.

"ಪದ್ಧತಿ ನಾನು ಮಾಡಿದ್ದು. ಚಿತ್ರಾನ್ನಕ್ಕೆ ಕಡಲೆಕಾಯಿ ಯಾರು ಹುರೀತೀರ?"

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ್ದಾಗ ನಮ್ಮ ಮನೆಯವರ ಫೋನ್ ಬಂತು.

"ಕೇಳಿಸ್ತಾ?" ಎಂದರು.

"ಮೂರು ಬಿಟ್ಟು ಎಲ್ಲಾ."

"ನಮ್ಮ ಹೊಲಕ್ಕಿಂತ ವಾಸಿ," ಎಂದು ನಕ್ಕರು. ಇನ್ನೂ ಎರಡು ಗಂಟೆಯ ದಾರಿ ಇತ್ತು, ಹದಿನೈದು ಶುಕ್ರವಾರಗಳಿದ್ದವು. ಹೆಗಲು ಒಮ್ಮೆ ತಿರುಗಿಸಿ ಕಾರು ಹತ್ತಿದೆ.